ಕಿತ್ತ ಗೂಟ

ನಾಗರಬಾವಿಯ ನಮ್ಮ ಬೀದಿಯಲ್ಲಿ ಸೈಟು ಅಳೆಯಲು ನೆಟ್ಟ ನೀಲಗಿರಿ ಗೂಟಗಳ ಹಸಿ ವಾಸನೆಗೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನಾನು ಚಿಕ್ಕವಳಿದ್ದಾಗ ಕೆಂಗೇರಿಯಾಚೆಯ ಕಡಿದಾದ ಗುಡ್ಡದಲ್ಲಿ ನಮ್ಮದೂ ಸೇರಿ ಆರು ಮನೆಯವರು, ಬರಡಾದ ಮಣ್ಣು ಮತ್ತೆ ಜೀವ ಹಿಡಿಯಲೆಂದು ಇಳಿಜಾರಿಗೆ ಅಡ್ಡಲಾಗಿ ಬದು ಹಾಕುತ್ತಿದ್ದರು. ಮಟ್ಟ ನೋಡಿ ನೀಲಗಿರಿ ಗೂಟ ನೆಡುವುದು ನನ್ನಜ್ಜಿಯ ಕೆಲಸ. ಗೂಟದ ಸಾಲು ಹಿಡಿದು ಉಳಿದವರು ಅಗೆಯುತ್ತಿದ್ದರು. ಒಂದು ದಿನ ಚಿನ್ನಿದಾಂಡು ಆಡಲು ನಾನೊಂದು ಗೂಟ ಕಿತ್ತಿದ್ದೆ. ಅದಿಲ್ಲದ ಕಡೆ ಬದು ತಗ್ಗಿಗೆ ಇಳಿಯಿತು.

ಅಂದೇ ಮಧ್ಯಾಹ್ನ ಮಳೆ ಬಂತು. ಬೇರೆ ದಿನದ ಮಳೆಯನ್ನು ನನ್ನ ನೆನಪೇ ಆ ದಿನಕ್ಕೆ ತಂದಿರಲೂಬಹುದು. ನೀರೆಲ್ಲ ಆ ತಗ್ಗಿಗೆ ನುಗ್ಗಿ ಬದು ಬಿರಿಯತೊಡಗಿತು. ಕೆಳಗೇ ನೆರೆಮನೆಯ ಪುಟ್ಟಕ್ಕನ ರಾಗಿ ಸಸಿಮಡಿ.

"ಹುಲ್ಲು ತನ್ರೋ, ಚೀಲ ತನ್ರೋ!" ಪುಟ್ಟಕ್ಕ ಕೂಗಿದಳು. ಎಲ್ಲರೂ ಮೊಣಕಾಲುದ್ದ ಕೆಸರಲ್ಲಿ ನಿಂತು ಬಿರುಕು ತುಂಬಿದರು. ಬದು ಹೇಗೋ ನಿಂತಿತು.

"ಏನಮ್ಮೋ, ಇಲ್ಲಿ ಗೂಟ ನೆಟ್ಟಿರ್ಲಿಲ್ವಾ?" ಪುಟ್ಟಕ್ಕ ಅಜ್ಜಿಯನ್ನು ಕೇಳಿದಳು.

ನಾನು ಗೂಟವನ್ನು ಲಂಗದಲ್ಲಿ ಮುಚ್ಚಿಕೊಂಡಿದ್ದೆ. ಅಜ್ಜಿ ನನ್ನ ಲಂಗದತ್ತ ಒಮ್ಮೆ ನೋಡಿದರು.

"ಮರ್ತೆ ಕಣೇ."

"ನಿಮ್ಗೂ ವಯಸ್ಸಾಯ್ತು ಬಿಡಿ. ನಾಳೆಯಿಂದ ಗೂಟ ನಾವೇ ನೆಡ್ತೀವಿ."

ಅಜ್ಜಿ ಮಟ್ಟದ ಕೋಲನ್ನು ಅವಳ ಕೈಗಿಟ್ಟು, ಮಂಕರಿ ಎತ್ತಿಕೊಂಡು, ಮಣ್ಣು ಹೊರುವವರ ಸಾಲಿನ ಕೊನೆಯಲ್ಲಿ ಹೋಗಿ ನಿಂತರು.