ಬೂದ್ಯಾನ ಬಿಲ್ಲೆ

"ಮದ್ದು ಮುಗದದ. ಬಿಲ್ಲೆ ತಗೊಂಡು ನಡಿ," ಎಂದು ದನದ ದವಾಖಾನೆಯ ಕಂಪೌಂಡರ್ ಈಶಪ್ಪ ಹಿತ್ತಾಳೆಯ ಬಿಲ್ಲೆಯೊಂದನ್ನು ಮೇಜಿನ ಮೇಲೆ ಸುಗಲಮ್ಮನ ಕಡೆಗೆ ತಳ್ಳಿದ.

ಸುಗಲಮ್ಮ ಬಿಲ್ಲೆಯನ್ನು ಮುಟ್ಟಲಿಲ್ಲ. ಅವಳ ಎರಡೂ ಕೈ ನಾಯಿಯ ಮೇಲಿದ್ದವು. ಸಗರದಿಂದ ಶಹಾಪುರಕ್ಕೆ ಎರಡು ಹರದಾರಿ. ಬೂದ್ಯಾ ನಡೆದದ್ದಕ್ಕಿಂತ ಅವಳು ಅದನ್ನು ಹೊತ್ತದ್ದೇ ಹೆಚ್ಚು. ಎತ್ತಿನ ಗಂಟೆ ಕೇಳಿದರೆ ಕುಸಿದು ಕೂರುವ, ಯಾರಾದರೂ ಕೊಡೆ ಬಿಚ್ಚಿದರೆ ಉಚ್ಚೆ ಹೊಯ್ದುಕೊಳ್ಳುವ ಪುಕ್ಕಲು ಅದು. ಈಗಲೂ ಅವಳ ಕಂಕುಳಲ್ಲಿ ಮೂತಿ ತುರುಕಿ ಗಡಗಡ ನಡುಗುತ್ತಿತ್ತು. ಮಕ್ಕಳಿಗೆ ಸಿಡುಬಿನ ದೇವಿ ಹಾಕಿಸುವಾಗ ಮಾಡಿದಂತೆಯೇ ಅದರ ಕಣ್ಣಿಗೆ ಸೆರಗು ಮುಚ್ಚಿ, ಕಿವಿಯ ಹಿಂದೆ ತುರಿಸುತ್ತ, "ಆತು, ಆತು ನನ್ನಪ್ಪ" ಎನ್ನುತ್ತ ಅವಳು ಬೆಳಗಿನಿಂದ ಬೇವಿನ ಮರದ ಕೆಳಗೆ ಸಾಲಿನಲ್ಲಿ ಕೂತಿದ್ದಳು.

ವರ್ಷಕ್ಕೊಮ್ಮೆ ಡಂಗುರ ಹೊಡೆಸುತ್ತಿದ್ದರು: ಹುಚ್ಚು ತಡೆಯುವ ಸೂಜಿ ಹಾಕಿಸಿ ಬಿಲ್ಲೆ ಕಟ್ಟದ ನಾಯಿಗೆ ಗುಂಡು, ನಿಜಾಮ ಸರಕಾರದ ಹುಕುಂ. ಉಳಿದವರು ಗುಂಡಿಗೆ ಹೆದರಿ ಬಂದವರು. ಸುಗಲಮ್ಮ ಮಾತ್ರ ಸೂಜಿಗಾಗಿಯೇ ಬಂದಿದ್ದಳು. ಹೋದ ಸುಗ್ಗಿಯಲ್ಲಿ ಓಣಿಯ ಕರೆಮ್ಮನ ಮಗನಿಗೆ ಮನೆಯ ನಾಯಿಯೇ ಹುಚ್ಚು ಹಿಡಿದು ಕಚ್ಚಿತ್ತು. ಆ ಕೂಸು ನೀರು ಕಂಡರೆ ಚೀರಿ ಚೀರಿ ಸತ್ತಿತ್ತು. ಸುಗಲಮ್ಮನ ನಾಲ್ಕು ವರ್ಷದ ಸಾಯಬಮ್ಮ ಬೂದ್ಯಾನ ಹೊಟ್ಟೆಯ ಮೇಲೆ ತಲೆಯಿಟ್ಟರೇ ನಿದ್ದೆ ಹೋಗುವವಳು.

ಸೂಜಿ ಅಂದರೆ ದೇವಿ ಬಂದಂತೆ, ಮನೆ ತಂಪಾಗಿರಬೇಕು ಎಂದು ಸುಗಲಮ್ಮ ಮೂರು ದಿನದಿಂದ ಒಗ್ಗರಣೆ ಹಾಕಿರಲಿಲ್ಲ. ನಾಯಿಯ ಕೊರಳಿಗೆ ದಾರದಲ್ಲಿ ಬೇವಿನ ಎಸಳು ಕಟ್ಟಿ, ಬುತ್ತಿಯಲ್ಲಿ ಅದಕ್ಕೆಂದೇ ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು ತಂದಿದ್ದಳು. ಬೆಳಿಗ್ಗೆ ಅದನ್ನು ಕಂಡು ಈಶಪ್ಪ ನಕ್ಕಿದ್ದ.

"ಏನಬೇ, ನಾಯಿಗೂ ದೇವಿ ಬರ್ತಾಳೇನ? ಉಡಿ ತುಂಬಾಕ ಖಣಾನೂ ತಂದೀಯೇನ?"

ಅವಳೂ ನಕ್ಕಿದ್ದಳು. "ಮೊದಲ ನಿಮ್ಮ ಸೂಜಿ ಬರಲ್ರಿ. ಖಣಾನೂ ಬರ್ತದ."

ಈಗ ಆ ನಗು ಇರಲಿಲ್ಲ. "ಮುಗದದ ಅಂದ್ರ? ಆ ಪೆಟಗ್ಯಾಗ ಇರೋದೇನ್ರಿ?"

ಮೇಜಿನ ಪಕ್ಕದಲ್ಲಿ ಮರದ ಹೊಟ್ಟು ತುಂಬಿದ ಪೆಟ್ಟಿಗೆಯಿತ್ತು. ಕರಗುತ್ತಿದ್ದ ಬರ್ಫದ ಗಡ್ಡೆಗಳ ನಡುವೆ ಒಂದು ಸೀಸೆ, ಮುಟ್ಟದೆ ಹಾಗೇ ಇತ್ತು.

"ಅದು ಜಾಗೀರದಾರರ ವಾಡೇದ ನಾಲ್ಕು ನಾಯಿ ಪಾಲು. ಡಾಕ್ಟರು ಅಲ್ಲೇ ಊಟಕ್ಕ ಹೋಗ್ಯಾರ. ಈಗ ಬರ್ತಾವ."

"ಬರಲ್ರಿ. ಉಳದದ್ದು ಇದಕ ಹಾಕ್ರಿ. ನಾ ಕೂಡ್ತೀನಿ."

ಬೇವಿನ ನೆರಳು ಮೇಜು ದಾಟಿ ಆಚೆಗೆ ಹೋಯಿತು. ಆಗ ಬಂದವನು ವಾಡೆಯ ಸಿಪಾಯಿ ಸಿಕಂದರ. ಸೈಕಲ್ ಮೇಲೆ, ಒಬ್ಬನೇ. ಸೈಕಲ್ಲಿನ ಗಂಟೆಗೆ ಬೂದ್ಯಾ ಕುಂಯ್ ಎಂದು ಇನ್ನಷ್ಟು ಮುದುಡಿತು.

"ನಾಯಿ ಶಿಕಾರಿಗೆ ಹೋಗ್ಯಾವ, ಈಶಪ್ಪಣ್ಣ. ಬಿಲ್ಲೆ ಅಷ್ಟ ಕೊಡಬೇಕಂತ."

ಈಶಪ್ಪ ನಾಲ್ಕು ಬಿಲ್ಲೆ ಎಣಿಸಿ ಕೊಟ್ಟ. ಸುಗಲಮ್ಮ ನಾಯಿಯನ್ನು ಎದೆಗವಚಿಕೊಂಡು ಎದ್ದು ನಿಂತಳು.

"ಇನ್ನ ಚುಚ್ಚ್ರಿ. ಗಟ್ಟಿ ಹಿಡಕೊಂಡೀನಿ, ಮಿಸುಕಾಡಂಗಿಲ್ಲ."

"ಏನು ಚುಚ್ಚಾದು? ಅದು ವಾಡೇದ ಹೆಸರಿಗೆ ಹತ್ತ್ಯದ."

"ವಾಡೇದ ನಾಯಿ ಅಡವ್ಯಾಗ ಮೊಲ ಬೆನ್ನಟ್ಟ್ಯಾವ. ನನ್ನ ನಾಯಿ ನಿನ್ನ ಕಣ್ಣ ಮುಂದ ಅದ, ಕಾಣವಲ್ದೇನ?" ಇಷ್ಟೊತ್ತು 'ರೀ' ಹಚ್ಚಿ ಮಾತಾಡಿದವಳು ಅದನ್ನು ಬಿಟ್ಟಿದ್ದಳು.

ಸಿಕಂದರನಿಗೂ ತಡೆಯಲಾಗಲಿಲ್ಲ. "ಚುಚ್ಚಿಬಿಡಣ್ಣ. ಬರ್ಫ ಕರಗಿದ್ರ ಹೆಂಗೂ ಕೆಟ್ಟು ಹೋಗೋ ಮದ್ದು."

"ನೀ ಸುಮ್ಮನಿರೋ. ವಾಡೇದ ಮದ್ದು ಇಂಥವರ ನಾಯಿಗೆ ಹಾಕಿದೆ ಅಂತ ನಾಳಿ ಚಾಡಿ ಹೋದ್ರ, ನನ್ನ ನೌಕರಿ ನೀ ಉಳಸ್ತಿಯೇನ? ನಾ ಸರಕಾರಕ್ಕ ಖಾಲಿ ಸೀಸೆ ತೋರಸಬೇಕು, ಅಷ್ಟ."

ಅಂದವನೇ ಸೀಸೆಯ ಬೂಚು ಕಿತ್ತು ಮರದ ಬುಡಕ್ಕೆ ಬೋರಲು ಹಾಕಿದ. ಒಣಮಣ್ಣು ಮದ್ದನ್ನು ಕುಡಿದುಬಿಟ್ಟಿತು. ಅಂಗೈಯಗಲ ಕಪ್ಪು ಕಲೆ ಉಳಿಯಿತು.

ಸುಗಲಮ್ಮ ಆ ಕಲೆಯನ್ನೇ ನೋಡಿದಳು. ಆಮೇಲೆ ತನ್ನ ಪಾಲಿನ ಬಿಲ್ಲೆಯನ್ನು ಎತ್ತಿ ಅವನ ಮುಂದೆ ಒಗೆದಳು. "ತಗೋ, ನಿನ್ನ ಕೊಳ್ಳಾಗ ಕಟ್ಟಿಕೋ! ಹುಚ್ಚು ನಾಯಿ ಎದುರಿಗೆ ಬಂದಾಗ ತೋರಸು. ಓದಿಕೊಂಡು, ಸಲಾಂ ಮಾಡಿ ಹೋಗ್ತದ!"

ಈಶಪ್ಪ ಲೆಕ್ಕದ ಪುಸ್ತಕ ತೆರೆದು ಖಾಲಿ ಸೀಸೆಯನ್ನು ಬರೆದುಕೊಳ್ಳತೊಡಗಿದ. ಸಿಕಂದರನೇ ಬಗ್ಗಿ ಬಿಲ್ಲೆ ಆರಿಸಿ, ಧೂಳು ಒರೆಸಿ ಅವಳ ಕೈಗಿಟ್ಟ.

"ಬ್ಯಾಡ ಯಕ್ಕಾ. ನಾಡದು ನಾಯಿ ಹೊಡಿಯಾಕ ಬಂದೂಕು ಹಿಡಕೊಂಡು ನಿಮ್ಮೂರಿಗೆ ಬರಾಂವ ನಾನ. ಇದರ ಕೊಳ್ಳಾಗ ಬಿಲ್ಲೆ ಇಲ್ಲಂದ್ರ ನಾ ಏನು ಮಾಡ್ಲಿ, ಹೇಳು?"

ಅವಳು ನಾಯಿಯನ್ನು ಮಡಿಲಿಗೆ ಇಳಿಸಿಕೊಂಡು ಕೂತಳು. ಬೇವಿನ ಎಸಳು ಬಿಚ್ಚಿ, ಅದೇ ದಾರಕ್ಕೆ ಬಿಲ್ಲೆ ಪೋಣಿಸಿ ಕಟ್ಟಿದಳು.

ಹೊತ್ತು ಮುಳುಗುವಾಗ ಊರು ಬಂತು. "ಬೂದ್ಯಾ ಬಂದ!" ಎಂದು ಸಾಯಬಮ್ಮ ಎರಡೂ ಕೈ ಚಾಚಿ ಓಡಿಬಂದಳು. ದಿನವಿಡೀ ನಡುಗಿದ ನಾಯಿ ಆಗ ಮೊದಲ ಸಲ ಬಾಲ ಅಲ್ಲಾಡಿಸಿತು. ಸುಗಲಮ್ಮನಿಗೇ ತಿಳಿಯದೆ ಅವಳ ಕೈ ಮುಂದೆ ಹೋಗಿ, ಮಗಳ ರಟ್ಟೆ ಹಿಡಿದು ನಿಲ್ಲಿಸಿತು. ಬೂದ್ಯಾ ಅಂಗಳದ ನಡುವೆ ನಿಂತು ಒಮ್ಮೆ ಕೂಸನ್ನು, ಒಮ್ಮೆ ಅವಳನ್ನು ನೋಡಿತು. ಅದರ ಕೊರಳಲ್ಲಿ ಸರಕಾರದ ಬಿಲ್ಲೆ ಫಳಫಳ ಹೊಳೆಯುತ್ತಿತ್ತು.