ಗೆರಟೆ ಕಾಫಿ

ಬಿಸಿ ಬೆಲ್ಲದ ಕಾಫಿ ತೆಂಗಿನ ಗೆರಟೆಗೆ ಬಿದ್ದಾಗ ಏಳುವ ವಾಸನೆಯೇ ಬೇರೆ. ಸ್ವಲ್ಪ ಸುಟ್ಟ ನಾರಿನದ್ದು, ಸ್ವಲ್ಪ ಹಳೆ ಎಣ್ಣೆಯದ್ದು. ತಟ್ಟೆ ಜಗಲಿಗೆ ಬರುವ ಮೊದಲೇ ಸೀತು ಟೀಚರ್‌ಗೆ ಅದು ಗೊತ್ತಾಯಿತು. ಚಿಕ್ಕಂದಿನಲ್ಲಿ ಅದನ್ನು ಮೂಸಿದ್ದು ಇದೇ ಮನೆಯಲ್ಲಿ. ಜಗಲಿಯಲ್ಲಿ ಕೂತು ಅಲ್ಲ, ಅಷ್ಟೆ.

"ಗೆರಟೆ ಕಾಫಿ, ಟೀಚರ್. ನಮ್ಮ ಹೋಮ್‌ಸ್ಟೇಯ ಸ್ಪೆಷಲ್" ಎಂದು ಪ್ರೀತಿಕಾ ಮೊದಲು ಅವರಿಗೇ ತಟ್ಟೆ ಹಿಡಿದಳು. ಪಾಲಿಶ್ ಮಾಡಿದ ಆ ಕರಟದ ಬಟ್ಟಲುಗಳಿಗೆ ಪುಟ್ಟ ಮರದ ಕಾಲು ಕೂಡ ಇತ್ತು.

ಅಂದು ಗಣರಾಜ್ಯೋತ್ಸವದ ರಜೆ. ಬೆಳಿಗ್ಗೆ ಅಂಗಳದಲ್ಲಿ ಧ್ವಜ ಏರಿಸಿ, ಎಲ್ಲರೂ ನಿಂತು ಸಂವಿಧಾನದ ಪೀಠಿಕೆ ಓದಿದ್ದರು. ಆಮೇಲೆ 'ಮೆಚ್ಚಿನ ಪುಸ್ತಕ, ಮೆಚ್ಚಿನ ಪಾನೀಯ' ಎಂಬ ಕೂಟ. ಪುತ್ತೂರಿನ ವಕೀಲ ಅವಿನ್ ನಾಗರಿಕ ಹಕ್ಕುಗಳ ಬಗ್ಗೆ ಚೆನ್ನಾಗಿ ಮಾತಾಡಿ, ಪುನರ್ಪುಳಿ ಶರಬತ್ತು ಎತ್ತಿಕೊಂಡು, ಇವತ್ತು ಡ್ರೈ ಡೇ ಆಗಿರದಿದ್ದರೆ ಹಕ್ಕುಗಳು ಇನ್ನಷ್ಟು ಸಿಗುತ್ತಿದ್ದವು ಎಂದು ನಗಿಸಿದ್ದ. ಮುಂದಿನ ಸರದಿ ಟೀಚರದ್ದು. ಕಡಬದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರನ್ನು ಕರೆಯಲು ಪ್ರೀತಿಕಾ ತಾನೇ ಮನೆಗೆ ಹೋಗಿದ್ದಳು. ಕಾರು ಕಳಿಸಿದ್ದಳು, ಬೆನ್ನಿಗೆ ದಿಂಬು ತಂದಿಟ್ಟಿದ್ದಳು. ಸುಳ್ಯದಿಂದ ಈ ಮನೆಗೆ ಸೊಸೆಯಾಗಿ ಬಂದವಳು ಅವಳು. ಟೀಚರ ಅಮ್ಮ ಈ ಮನೆಯ ಗದ್ದೆಯಲ್ಲಿ ದುಡಿದದ್ದು, ಅವರ ಜಾತಿಯವರು ಅಂಗಳ ದಾಟಿ ಮೇಲೆ ಬರಬಾರದಾಗಿದ್ದದ್ದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.

"ಸ್ವಲ್ಪ ಬಾಯಿ ಹತ್ತಿರ ಹಿಡೀರಿ ಟೀಚರ್, ಒಂದು ಫೋಟೋ."

ಟೀಚರ್ ಗೆರಟೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡರು. "ಕುಡಿದ ಮೇಲೆ ಇದನ್ನು ಎಲ್ಲಿ ಸಿಕ್ಕಿಸುದು?"

"ಎಂತ ಟೀಚರ್?"

"ಆಗ ದನದ ಹಟ್ಟಿಯ ಮಾಡಿನ ಹುಲ್ಲಿನ ಎಡೆಯಲ್ಲಿ ಸಿಕ್ಕಿಸಿ ಇಡ್ಲಿಕ್ಕೆ ಇತ್ತು. ಅಮ್ಮಂದೊಂದು, ನನ್ನದೊಂದು. ಮನೆಯವರು ತಾಗದ ಹಾಗೆ ಮೇಲಿಂದ ಕಾಫಿ ಹೊಯ್ತಿದ್ರು. ಕುಡಿದು ನಾವೇ ತೊಳೆದು ಇಡುದು. ಒಳಗೆ ತರ್ಲಿಕ್ಕೆ ಇರ್ಲಿಲ್ಲ."

"ಅಂದ್ರೆ ಅವರವರ ಕಪ್ ಅವರವರಿಗೆ" ಎಂದು ಅವಿನ್ ತಲೆದೂಗಿದ. "ಆಗಿನವರ ಹೈಜೀನ್ ನೋಡಿ ಮಾರಾಯ್ರೆ."

ಜಗಲಿಯಲ್ಲಿ ನಗು ಎದ್ದಿತು. ಟೀಚರ್ ಅದು ಇಳಿಯುವವರೆಗೆ ಕಾದು ತಮ್ಮ ಮೆಚ್ಚಿನ ಕಥೆಯ ಬಗ್ಗೆ ಹೇಳಿದರು. ಈ ಮನೆಯ ದೊಡ್ಡಮ್ಮ ಸಂಜೆ ಹೊತ್ತು ಅಡುಗೆಮನೆಯ ಕಿಟಕಿಯ ಬಳಿ ಕೂತು ಮಕ್ಕಳಿಗೆ ಕಥೆ ಪುಸ್ತಕ ಓದುತ್ತಿದ್ದರು. ಹೊರಗೆ, ಹಟ್ಟಿಯ ಹತ್ತಿರ, ಸೀತು ಗೆರಟೆ ಹಿಡಿದು ಕೂತಿರುತ್ತಿದ್ದಳು. ಕಾಫಿ ಮುಗಿದರೆ ಎದ್ದು ಹೋಗಬೇಕು. ಅದಕ್ಕೆ ತುಟಿಗೆ ತಾಗಿಸಿ ತಾಗಿಸಿ ಕುಡಿಯುತ್ತಿದ್ದಳು. ಅವಳು ಕೂತದ್ದು ಕಂಡರೆ ದೊಡ್ಡಮ್ಮ ಸ್ವರ ಏರಿಸಿ ಓದುತ್ತಿದ್ದರು. ಒಳ್ಳೆಯವರು. ಒಳಗೆ ಬಾ ಎಂದು ಮಾತ್ರ ಯಾವತ್ತೂ ಹೇಳಲಿಲ್ಲ.

"ಕಥೆಯ ಕೊನೆಗೆ ಎಂತಾಯ್ತು?" ಅವಿನ್ ಕೇಳಿದ.

"ಗೊತ್ತಿಲ್ಲ. ಕಾಫಿ ಮುಗಿಯಿತು."

ಜೋರು ಚಪ್ಪಾಳೆ ಬಿತ್ತು. ಪ್ರೀತಿಕಾಳ ಕಣ್ಣು ಒದ್ದೆಯಾಗಿತ್ತು. ನಮ್ಮ ಮನೆಯಿಂದಲೇ ಟೀಚರ್‌ಗೆ ಸಾಹಿತ್ಯದ ರುಚಿ ಹತ್ತಿದ್ದು ಎಂದು ಅವಳು ಎಲ್ಲರಿಗೂ ಹೆಮ್ಮೆಯಿಂದ ಹೇಳಿದಳು. ಗೆರಟೆಗಳು ಮತ್ತೊಮ್ಮೆ ತುಂಬಿದವು. ಯಾರೋ ಒಬ್ಬರು ಇವು ಮಾರಾಟಕ್ಕೂ ಉಂಟಾ ಎಂದು ವಿಚಾರಿಸಿದರು.

ಊಟಕ್ಕೆ ಎಲ್ಲರೂ ಒಳಗೆ ನಡೆದಾಗ ಟೀಚರ್ ಗೆರಟೆಯನ್ನು ತುಂಬಿದ್ದ ಹಾಗೆಯೇ ಜಗಲಿಯ ದಂಡೆಯ ಮೇಲಿಟ್ಟರು. ಒಂದು ಗುಟುಕೂ ಕುಡಿದಿರಲಿಲ್ಲ. ಅಷ್ಟಾದರೂ ತನ್ನಿಂದ ಆಯಿತಲ್ಲ ಎಂದು ಮನಸ್ಸು ಸ್ವಲ್ಪ ಹಗುರಾಯಿತು. ಮನೆಗೆ ಹೋಗಲು ನೆಟ್ಟಣದ ಕಡೆಯ ಜೀಪು ಸಿಗುವ ಹೊತ್ತು. ಗೇಟಿನೆದುರು ಕಾರುಗಳು ಅಡ್ಡ ನಿಂತಿದ್ದರಿಂದ ಮನೆಯನ್ನು ಬಳಸಿ ಹಿಂದಿನ ದಾರಿಗೆ ಇಳಿದರು. ಹಟ್ಟಿ ಇದ್ದಲ್ಲಿ ಈಗ ಬೈಕು ನಿಲ್ಲಿಸುವ ಜಾಗ.

"ಟೀಚರ್, ಊಟ ಮಾಡದೆ ಹೋಗುದಾ?"

ಅಡುಗೆಮನೆಯ ಹಿಂಬಾಗಿಲಲ್ಲಿ ಪ್ರೀತಿಕಾ ನಿಂತಿದ್ದಳು. ಬಾಳೆಲೆಯಲ್ಲಿ ಕಟ್ಟಿದ ಬಿಸಿ ಊಟ ಅವಳ ಕೈಯಲ್ಲಿತ್ತು. ಅಷ್ಟು ಜನರ ಗಡಿಬಿಡಿಯಲ್ಲೂ ಅವಳೊಬ್ಬಳೇ ಅವರನ್ನು ಹುಡುಕಿಕೊಂಡು ಬಂದಿದ್ದಳು. ನಿಮಗೆ ಶುಗರ್ ಅಲ್ಲವಾ, ಬೆಲ್ಲದ ಕಾಫಿಯೇ ಸಾಕಾಯ್ತು, ಪಾಯಸ ಹಾಕಲಿಲ್ಲ ಎಂದಳು.

ಬೇಡ ಎನ್ನಬೇಕೆಂದು ಟೀಚರ್ ಬಾಯಿ ತೆರೆದರು. ಆಗ ತಮ್ಮ ಕೈಗಳು ಕಣ್ಣಿಗೆ ಬಿದ್ದವು. ಎರಡೂ ಆಗಲೇ ಒಂದಕ್ಕೊಂದು ಕೂಡಿಕೊಂಡು, ಬೊಗಸೆಯಾಗಿ, ಮೆಟ್ಟಿಲ ಕೆಳಗಿನಿಂದ ಮೇಲಕ್ಕೆ ಚಾಚಿಕೊಂಡಿದ್ದವು.

ಪ್ರೀತಿಕಾ ಮೇಲಿನ ಮೆಟ್ಟಿಲಲ್ಲೇ ಬಾಗಿ ಊಟದ ಕಟ್ಟನ್ನು ಅವುಗಳಲ್ಲಿ ಇಟ್ಟಳು.