ಶುಕ್ರವಾರದ ಶಟರ್

ಮನೆಯಲ್ಲಿ ಕಾರು ನಿಲ್ಲಿಸುವ ಜಾಗದ ಶಟರ್ ಒಂದು ಮೊಳ ಕೆಳಗಿಳಿಯಿತು, ತಡೆದು ನಿಂತಿತು, ಮತ್ತೆ ಗರಗರನೆ ಮೇಲಕ್ಕೇ ಹೋಯಿತು. ಕೆಂಪರಾಜ್ ರಿಮೋಟನ್ನು ಅಂಗೈಗೆ ತಟ್ಟಿ ಇನ್ನೊಮ್ಮೆ ಒತ್ತಿದ. ಅದೇ ಆಟ. ಹೊರಗೆ ತಂದು ನಿಲ್ಲಿಸಿದ್ದ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದ ಅವನ ಹೆಂಡತಿ ಭವ್ಯ ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಇವತ್ತು ಕೆ.ಆರ್. ಪುರದಲ್ಲಿ ಅವಳ ಡ್ರೈವಿಂಗ್ ಟೆಸ್ಟು. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟ ಮೇಲೆ ಅವಳು ಎದುರಿಸಲು ಹೊರಟಿದ್ದ ಮೊದಲ ಪರೀಕ್ಷೆ. ಹಿಂದೊಮ್ಮೆ ಡೇಟು ಸಿಕ್ಕಾಗಲೂ ಶುಕ್ರವಾರವೇ ಬಂದು, ಈ ಶಟರ್ ಮುಚ್ಚದೆ, ಹೋಗುವುದು ತಪ್ಪಿತ್ತು.

"ಬ್ಯಾಟರಿ ಹೊಸಾದು ಕಣೇ, ನಿನ್ನೆ ತಾನೆ ಹಾಕಿದ್ದೀನಿ. ನೀನೇನಾದ್ರೂ ಬಟನ್ ಒತ್ತಿ ಒತ್ತಿ ಕೆಡಿಸಿಟ್ಯಾ?"

"ನಾನು ಮುಟ್ಟೇ ಇಲ್ಲ ರೀ."

"ಹಂಗಾದ್ರೆ ಇನ್ನೊಂದು ಡೇಟು ತಗೊಳ್ಳೋಣ ಬಿಡು. ಮೂರೂ ಜನ ಹೊರಟಿದ್ದೀವಿ. ಮನೆ ಹಿಂಗೆ ಬಾಯಿ ತಕ್ಕೊಂಡಿದ್ರೆ ಇಡೀ ದೊಡ್ಡನೆಕ್ಕುಂದಿನೇ ಒಳಗೆ ಬಂದು ಕೂರುತ್ತೆ."

ಪೂಜೆ ತಟ್ಟೆ ಹಿಡಿದು ನಿಂತಿದ್ದ ಅವನ ತಾಯಿ ಗಂಗಲಕ್ಷ್ಮಮ್ಮ ಮಾತು ಸೇರಿಸಿದರು. "ನಾನು ಹೇಳಿದ್ರೆ ನೀವು ಕೇಳಲ್ಲ. ಶುಕ್ರವಾರ ಮನೆ ಲಕ್ಷ್ಮಿ ಹೊರಗೆ ಹೋಗ್ಬಾರ್ದು ಅಂತ ಆ ಬಾಗಿಲೇ ಹೇಳ್ತಾ ಐತೆ. ನಾಳೆ ಒತ್ತಿ ನೋಡ್ರಿ, ಹೆಂಗೆ ಮುಚ್ಚುತ್ತೆ!"

ಅದು ನಿಜವೇ. ಶನಿವಾರ ಅದೇ ರಿಮೋಟು, ಅದೇ ಶಟರ್, ಏನೂ ತಕರಾರಿಲ್ಲ. ಹಾಗಾದರೆ ಶುಕ್ರವಾರ ಮಾತ್ರ ಇಲ್ಲಿ ಆಗುವುದೇನು? ಭವ್ಯ ಕಾರಿನಿಂದಿಳಿದು ಬಂದು ಶಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಇದನ್ನು ಕೂರಿಸಲು ಬಂದಿದ್ದ ಓವೈಸ್ ಹೇಳಿದ್ದು ನೆನಪಾಯಿತು. "ಕೆಳಗಡೆ ಎರಡು ಕಣ್ಣು ಇದಾವೆ ನೋಡಿ ಸಾರ್. ಎರಡೂ ಒಂದನ್ನೊಂದು ನೋಡ್ತಾ ಇರ್ಬೇಕು. ಮಧ್ಯೆ ಮಗು ಬಂತು, ನಾಯಿ ಬಂತು ಅಂದ್ರೆ ಬಾಗಿಲು ವಾಪಸ್ ಮೇಲೆ ಹೋಗುತ್ತೆ." ಸಾರ್ ಆಗ ಫೋನಿನಲ್ಲಿದ್ದ. ಕೇಳಿಸಿಕೊಂಡವಳು ಟೀ ತಂದು ನಿಂತಿದ್ದ ಭವ್ಯ.

ಶಟರ್ ಬಂದು ಕೂರುವ ಕಲ್ಲನ್ನು ಅತ್ತೆ ಹೊಸಿಲೆಂದೇ ನಡೆಸಿಕೊಳ್ಳುತ್ತಿದ್ದರು. ಶುಕ್ರವಾರ ಬಂತೆಂದರೆ ಅದಕ್ಕೆ ಅರಿಶಿನ, ಕುಂಕುಮ, ಹೂವು. ಎರಡೂ ತುದಿಯ ಗೋಡೆಯಲ್ಲಿದ್ದ ಪುಟ್ಟ ಕರಿ ಡಬ್ಬಿಗಳನ್ನು ಮಾತ್ರ ಬಿಟ್ಟಾರೆಯೇ? ಒಂದೊಂದರ ಗಾಜಿನ ಮೇಲೂ ಕಾಸಗಲದ ಅರಿಶಿನ, ಅದರ ನಡುವೆ ದಪ್ಪ ಕುಂಕುಮ. ಪಕ್ಕದಲ್ಲಿ ಕೆಂಪು ದೀಪ ಮಿಣಮಿಣ ಬಡಿದುಕೊಳ್ಳುತ್ತಿತ್ತು. ಶನಿವಾರ ಬೆಳಿಗ್ಗೆ ನೆಲ ಒರೆಸುವಾಗ ಆ ಡಬ್ಬಿಗಳನ್ನೂ ಒರೆಸುತ್ತಿದ್ದವಳು ತಾನೇ.

ಗೊತ್ತಾಯಿತು. ಹೇಳುವುದು ಹೇಗೆ? ಅತ್ತೆಯ ಪೂಜೆಗೆ ಆ ಮನೆಯಲ್ಲಿ ಇದುವರೆಗೆ ಯಾರೂ ಹೆಸರಿಟ್ಟಿರಲಿಲ್ಲ.

"ಅತ್ತೆ... ಇದು ಇದರ ಕಣ್ಣು."

"ಯಾವುದ್ರ ಕಣ್ಣೇ?"

"ಬಾಗಿಲಿಂದು. ಈ ಕಡೇದು ಆ ಕಡೇದನ್ನ ನೋಡ್ಬೇಕು. ಕಾಣಿಸ್ಲಿಲ್ಲ ಅಂದ್ರೆ ಯಾರೋ ಅಡ್ಡ ನಿಂತವ್ರೆ ಅಂತ ಮುಚ್ಚಲ್ಲ."

"ಅಂದ್ರೆ? ನನ್ ಪೂಜೆಯಿಂದ ಕೆಟ್ಟೋಯ್ತು ಅಂತೀಯಾ?"

ದನಿ ಏರಿತು. ಕೆಂಪರಾಜ್ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದ. ಬೇರೆ ದಿನವಾಗಿದ್ದರೆ ಭವ್ಯ ತಲೆ ತಗ್ಗಿಸಿ ಅಡುಗೆಮನೆ ಸೇರುತ್ತಿದ್ದಳು. ಬೀದಿಯಲ್ಲಿ ಕಾರಿನ ಎಂಜಿನ್ ಇನ್ನೂ ಗುಂಯ್‌ಗುಡುತ್ತಿತ್ತು. ಅವಳು ಕೂತಲ್ಲಿಂದ ಏಳಲಿಲ್ಲ.

"ಪೂಜೆ ತಪ್ಪಲ್ಲ ಅತ್ತೆ. ಕುಂಕುಮಾನ ಯಾರಾದ್ರೂ ಕಣ್ಣಿಗೆ ಇಡ್ತಾರಾ? ಹಣೆಗೆ ಇಡೋಣ."

ಗಂಗಲಕ್ಷ್ಮಮ್ಮ ಸೊಸೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಆಮೇಲೆ ಸೆರಗಿನ ತುದಿಯನ್ನು ತಟ್ಟೆಯಲ್ಲಿದ್ದ ಪಂಚಪಾತ್ರೆಯ ನೀರಲ್ಲಿ ಅದ್ದಿ, ತಟ್ಟೆಯನ್ನು ಮಗನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಕೂತು, ನಿದ್ದೆಯಿಂದೆದ್ದ ಮಗುವಿನ ಕಣ್ಣು ಒರೆಸುವ ಹಾಗೆ ಆ ಗಾಜನ್ನು ಒರೆಸಿದರು. ಆಚೆ ತುದಿಗೂ ಹೋಗಿ ಒರೆಸಿದರು. ಬಡಿದುಕೊಳ್ಳುತ್ತಿದ್ದ ದೀಪ ನೆಟ್ಟಗೆ ಉರಿಯಿತು. ಡಬ್ಬಿಗಳ ನೆತ್ತಿಯ ಮೇಲೆ ಒಂದೊಂದು ಬೊಟ್ಟಿಟ್ಟು, "ಹೂಂ, ಒತ್ತು," ಎಂದರು.

ಕೆಂಪರಾಜ್ ಒತ್ತಲು ಹೋದ. ಭವ್ಯ ಕೈ ಚಾಚಿ ರಿಮೋಟನ್ನು ತಾನೇ ತೆಗೆದುಕೊಂಡು ಒತ್ತಿದಳು.

ಶಟರ್ ಒಂದು ಮೊಳ ಇಳಿಯಿತು. ಈ ಸಲ ಅದು ನಿಲ್ಲಲಿಲ್ಲ. ಸೊಂಟ ದಾಟಿತು, ಮೊಣಕಾಲು ದಾಟಿತು, ಹೂವಿಟ್ಟ ಕಲ್ಲಿನ ಮೇಲೆ ಮೆತ್ತಗೆ ಕೂತಿತು.

"ಥೂ, ಸುಮ್ನೆ ಬ್ಯಾಟರಿ ಮೇಲೆ ಬ್ಯಾಟರಿ ಹಾಕಿದ್ನಲ್ಲೇ!" ಎಂದ ಕೆಂಪರಾಜ್. ಆಮೇಲೆ ಗಂಟಲು ಸರಿಮಾಡಿಕೊಂಡು, "ಸರಿ, ಬಾ. ಮೈನ್ ರೋಡ್ ದಾಟೋವರ್ಗೂ ನಾನೇ ಓಡಿಸ್ತೀನಿ."

"ನೀನು ಆ ಕಡೆ ಸೀಟಲ್ಲಿ ಕೂತ್ಕೊಳೋ, ಬ್ಯಾಟರಿ ಬದಲಾಯಿಸೋನೆ!" ಎಂದರು ತಾಯಿ.

"ಲಕ್ಷ್ಮಿ ಹೊರಗೆ ಹೋಗ್ಬಾರ್ದು ಅಂದ್ಯಲ್ಲಮ್ಮ?"

"ಬಾಗಿಲು ಮುಚ್ತಲ್ಲ. ಹೋಗ್ಬಾ ಅಂತ ಅರ್ಥ."

ಭವ್ಯ ಸ್ಟೀರಿಂಗ್ ಮುಂದೆ ಕೂತಳು. ಗಂಗಲಕ್ಷ್ಮಮ್ಮ ಮುಂದಿನ ಚಕ್ರಗಳಡಿ ನಿಂಬೆಹಣ್ಣಿಟ್ಟು, ಬೆರಳಿಗೆ ಕುಂಕುಮ ತೆಗೆದುಕೊಂಡು ಹೆಡ್‌ಲೈಟಿನತ್ತ ಬಾಗಿದವರು ತಟ್ಟನೆ ಕೈ ಹಿಂದೆಗೆದರು.

"ಇವೂ ಕಣ್ಣೇ ಅಲ್ವೇನೇ?"

ನಗುತ್ತ ಕಿಟಕಿಯ ಬಳಿ ಬಂದು, ಆ ಕುಂಕುಮವಷ್ಟನ್ನೂ ಸೊಸೆಯ ಹಣೆಗೆ ಒತ್ತಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು. ಭವ್ಯ ಕ್ಲಚ್ ಬಿಟ್ಟಳು. ನಿಂಬೆಹಣ್ಣು ಪಚಕ್ಕೆಂದಿತು.